ಹಂಡೆಯ ತಳ ಮತ್ತು ಒಂದು ತಿದ್ದುಪಡಿ

ನರಕ ಚತುರ್ದಶಿಯ ಬೆಳಿಗ್ಗೆ ಆರೂವರೆಗೆ ನಂಜನಗೂಡಿನ ನಮ್ಮ ಮನೆಯಲ್ಲಿ ನಾಲ್ಕು ಜನ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆವು: ಅವ್ವ, ನನ್ನ ಹೆಂಡತಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು, ನಾನು. ನೀರು ಕಾದಿದೆಯೇ ನೋಡಲು ಅವ್ವ ಎದ್ದು ಬಚ್ಚಲಿಗೆ ಹೋದಳು. ಅಲ್ಲಿಂದ ಚುಯ್ಯೆಂಬ ಸದ್ದು ಬಂತು. ಹಿಂದೆಯೇ ಹೊಗೆ. ಅದರ ಹಿಂದೆ ಅವ್ವನ ದನಿ.

"ಲೋ, ಅಂಡೆ ಮತ್ತೆ ಸೋರ್ತಾ ಅದೆ ಕಣ್ಲಾ!"

ನಮ್ಮ ಹಂಡೆ ತಾಮ್ರದ್ದು. ಹನ್ನೆರಡು ಕೊಡ ನೀರು ಹಿಡಿಯುತ್ತದೆ. ಬಚ್ಚಲ ಮೂಲೆಯ ಮಣ್ಣಿನ ಒಲೆಯಲ್ಲಿ ಕಂಠದವರೆಗೆ ಹೂತುಕೊಂಡು ಕೂತಿದೆ. ಕೆಳಗೆ ತೆಂಗಿನ ಗರಿ, ಮಟ್ಟೆ ಉರಿಸಿದರೆ ಮುಕ್ಕಾಲು ಗಂಟೆಯಲ್ಲಿ ಮನೆಮಂದಿಗೆಲ್ಲ ಬಿಸಿನೀರು. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅವ್ವ ಹುಣಸೆಹಣ್ಣಿನಲ್ಲಿ ಹಂಡೆಯ ಕಂಠ ಬೆಳಗಿದ್ದಳು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದಳು, ಕೊರಳಿಗೆ ಹಾಗಲಬಳ್ಳಿ ಕಟ್ಟಿದ್ದಳು. ತಲೆ ತೂರಿಸಿ ಒಳಗಿನ ತಳ ಚೊಕ್ಕಟ ಮಾಡುವುದು ಪ್ರತಿವರ್ಷ ನನ್ನ ಪಾಲಿನ ಕೆಲಸ. ಅದನ್ನೂ ಮಾಡಿದ್ದೆ. ಬೆಳಿಗ್ಗೆ ನೋಡಿದರೆ ಬಳ್ಳಿ ಹಸಿರಾಗಿಯೇ ಇತ್ತು. ನೀರು ಮಾತ್ರ ಒಲೆಗೆ ಇಳಿದು ಬೆಂಕಿಯನ್ನು ನಂದಿಸಿತ್ತು.

ಹಜಾರದ ಪಕ್ಕದ ಸ್ನಾನದ ಮನೆಯಲ್ಲಿ ಪುಟ್ಟ ಗೀಸರ್ ಇದೆ. ಒಂದು ಬಕೆಟ್ ಕೊಟ್ಟು ಸುಸ್ತಾಗುವಂಥದ್ದು. ನಾಲ್ಕು ಜನರ ಎಣ್ಣೆಸ್ನಾನ ಮುಗಿಯುವಾಗ ಹತ್ತೂವರೆ. ಕೊನೆಯ ಸರದಿ ನನ್ನದು. ಕರೆಂಟು ಹೋಗಿದ್ದರಿಂದ ತಣ್ಣೀರು.

ಏನು ನಡೆದರೂ ದಿನ, ಸಮಯ ಬರೆದಿಡುವುದು ವರದಿಗಾರಿಕೆಯಿಂದ ಅಂಟಿಕೊಂಡ ಅಭ್ಯಾಸ. ಡೈರಿ ತೆಗೆದು ನೋಡಿದೆ. ಐದು ವರ್ಷದಲ್ಲಿ ಇದು ಐದನೆಯ ಸೋರಿಕೆ. ಐದೂ ದೀಪಾವಳಿಯ ಆಸುಪಾಸಿನಲ್ಲೇ. ಒಮ್ಮೆ ಹಬ್ಬದ ದಿನವೇ, ಒಮ್ಮೆ ನಾಲ್ಕು ದಿನ ಕಳೆದು, ಒಮ್ಮೆ ವಾರಕ್ಕೆ. ಹಿಂದಿನ ನಾಲ್ಕು ಸಲವೂ ತಿ. ನರಸೀಪುರದ ಒಬ್ಬರೇ ಮುದುಕರು ತೇಪೆ ಹಾಕಿದ್ದರು. ನನ್ನ ತೀರ್ಮಾನ ಸಿದ್ಧವಾಗಿತ್ತು: ಆ ಮುದುಕರಿಗೆ ಕೆಲಸ ಬರುವುದಿಲ್ಲ.

ಬೇರೆ ವರ್ಷವಾಗಿದ್ದರೆ ಗೊಣಗಿ ಸುಮ್ಮನಾಗಬಹುದಿತ್ತು. ಈ ಸಲ ಡಾಕ್ಟರು ಮಗಳಿಗೆ ಕೊಟ್ಟಿದ್ದ ದಿನಕ್ಕೆ ಉಳಿದಿದ್ದುದು ಹದಿಮೂರೇ ದಿನ. ನಮ್ಮ ಕಡೆ ಬಾಣಂತಿಗೆ ನೀರು ಉಯ್ಯುವುದೆಂದರೆ ಒಂದು ಬಕೆಟ್ಟಿನ ಮಾತಲ್ಲ. ಅವ್ವನ ಪ್ರಕಾರ ತಾಯಿಗೆ ಎಂಟು ಕೊಡ, ಕೂಸಿಗೆ ಒಂದು, ಉಳಿದದ್ದು ಬಟ್ಟೆಗೆ. ಅದೂ ದಿನಾ, ಮೂರು ತಿಂಗಳು. ಉಗುರುಬೆಚ್ಚಗಿನ ನೀರು ಸಾಕು ಎಂದು ಡಾಕ್ಟರು ಹೇಳಿದ್ದನ್ನು ನಾನು ಅವ್ವನಿಗೆ ವರದಿ ಮಾಡಿದೆ.

"ಆ ಡಾಕ್ಟ್ರಮ್ಮ ಯಾರ್ಗಾನಾ ನೀರು ಉಯ್ದವ್ಳಾ?" ಅಂದಳು ಅವ್ವ. ಅವಳು ನನ್ನ ತಂಗಿಯರಿಗೆ, ನನ್ನ ಹೆಂಡತಿಗೆ, ಬೀದಿಯ ಅರ್ಧ ಹೆಂಗಸರಿಗೆ ನೀರು ಉಯ್ದವಳು. ಆ ವಿಷಯದಲ್ಲಿ ಅವಳ ಮುಂದೆ ಮಾತಿಲ್ಲ.

ಹಬ್ಬದ ಶುಭಾಶಯ ಹೇಳಲು ಅತ್ತೆಗೆ ಫೋನ್ ಮಾಡಿದ ಮಗಳು ಹಂಡೆಯ ಕತೆಯನ್ನು ನಗುತ್ತಾ ಹೇಳಿಬಿಟ್ಟಳು. ಸಂಜೆಯೇ ಮೈಸೂರಿನಿಂದ ಬೀಗಿತ್ತಿಯ ಫೋನು ಬಂತು.

"ಬೀಗ್ರೇ, ಬೇಜಾರು ಮಾಡ್ಕೋಬೇಡಿ. ನಮ್ಮ ಫ್ಲಾಟಲ್ಲಿ ನಲ್ಲಿ ತಿರುಗಿಸಿದ್ರೆ ಬಿಸಿನೀರು. ನಿಮ್ಮಲ್ಲಿ ಅನುಕೂಲ ಆಗ್ಲಿಲ್ಲ ಅಂದ್ರೆ ಆಸ್ಪತ್ರೆಯಿಂದ ಸೀದಾ ಇಲ್ಲಿಗೇ ಕರ್ಕೊಂಡು ಬರ್ತೀವಿ. ಹಸಿ ಬಾಣಂತಿ, ಎಳೇ ಮಗು. ರಿಸ್ಕ್ ಬೇಡ."

ಮಾತಿನಲ್ಲಿ ತಪ್ಪು ಹುಡುಕಲು ಬರುವಂತಿರಲಿಲ್ಲ. "ಆಯ್ತು, ಆಸ್ಪತ್ರೆಯಿಂದ ಬಿಡೋ ದಿನಕ್ಕೆ ನೀರಿನ ವ್ಯವಸ್ಥೆ ಇಲ್ಲದಿದ್ರೆ ಹಾಗೇ ಮಾಡಿ" ಎಂದು ಒಪ್ಪಿಕೊಂಡೆ. ಫೋನಿಟ್ಟು ತಿರುಗಿದರೆ ಮಗಳು ನಿಂತಿದ್ದಳು.

"ಅಪ್ಪಾ, ಅಜ್ಜಿ ಕೈಲಿ ನೀರು ಉಯ್ಯಿಸ್ಕೋಬೇಕು ಅಂತಾನೇ ನಾನು ಬಂದಿದ್ದು. ನೀನು ಒಪ್ಕೊಂಡ್ಬಿಟ್ಯಾ?"

"ವ್ಯವಸ್ಥೆ ಇಲ್ಲದಿದ್ರೆ ಅಂದೆ."

"ಐದು ವರ್ಷದಿಂದ ಇಲ್ವಲ್ಲ!" ಇದು ಅಡುಗೆಮನೆಯಿಂದ ಹೆಂಡತಿ. "ರೀ, ಊರಿನ ಸುದ್ದಿಗೆಲ್ಲ ತಲೆಬರಹ ಕೊಡ್ತೀರಿ. ಮನೆ ಹಂಡೆಗೊಂದು ತೀರ್ಮಾನ ಕೊಡಕ್ಕಾಗಲ್ಲ. ಒಂದೋ ರಿಪೇರಿ ಮಾಡಿಸಿ, ಇಲ್ಲ ಎತ್ತಿ ಬಿಸಾಕಿ. ಆ ಹೊಗೆ ಕುಡಿಯೋಳು ನಾನು."

ಮಾರನೆಯ ದಿನ ಸೋಲಾರ್ ಅಂಗಡಿಯವನನ್ನು ಕರೆಸಿದೆ. ಅವನು ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿದ.

"ಹೆಂಚಿನ ಮನೆ. ಟ್ಯಾಂಕು ಕೂರಾಕಿಲ್ಲ ಸಾ. ಕಬ್ಬಿಣದ ಸ್ಟ್ಯಾಂಡ್ ಮಾಡಿಸ್ಬೇಕು. ವೆಲ್ಡಿಂಗ್‌ನೋನು ಅಬ್ಬ ಕಳೀಲಿ ಅಂತಾವ್ನೆ. ಇಪ್ಪತ್ತು ದಿನ ಅನ್ಕಳಿ."

"ಮೋಡ ಇದ್ರೆ?"

ಅವನು ಆಕಾಶ ನೋಡಿದ. ಕಪಿಲೆಯ ಕಡೆಯಿಂದ ಮೋಡ ಕವಿದೇ ಇತ್ತು. "ಮೋಡ ಇದ್ರೆ ಸ್ವಲ್ಪ ಬೆಚ್ಗೆ ಬತ್ತದೆ."

"ಬಸ್ರಿ ಏನು ಮೋಡ ನೋಡ್ಕಂಡು ಎರ್ತಾಳಾ?" ಅಂದಳು ಅವ್ವ. ಅವನು ನಗುತ್ತಾ ಗಾಡಿ ಹತ್ತಿದ.

ಹಾರ್ಡ್‌ವೇರ್ ಅಂಗಡಿಯವರು ಎರಡು ಬಣ್ಣದ ಉಂಡೆ ಕೊಟ್ಟು, ಕಲಸಿ ಮೆತ್ತಿದರೆ ಕಲ್ಲಾಗುತ್ತದೆ ಎಂದರು. ಕೈ ತೂರಿಸಿ ತಳಕ್ಕೆ ಮೆತ್ತಿದೆ. ಕಲ್ಲೂ ಆಯಿತು. ಬೆಂಕಿ ಹಾಕಿದ ಹತ್ತು ನಿಮಿಷಕ್ಕೆ ಆ ಕಲ್ಲು ಕಿತ್ತುಕೊಂಡು ನೀರಿನಲ್ಲಿ ತೇಲಿತು. ಹೀಗೆ ಎರಡು ದಿನ ಹೋಯಿತು. ಮೂರನೆಯ ದಿನ, ಬೇರೆ ದಾರಿಯಿಲ್ಲದೆ, ಒಲೆ ಒಡೆದು ಹಂಡೆಯನ್ನು ಹೊರತೆಗೆದೆವು. ಹಬ್ಬದ ಸಮಯವಾದ್ದರಿಂದ ಒಂದೂ ಲಗೇಜ್ ಆಟೋ ಸಿಗಲಿಲ್ಲ. ಬಸ್ಸಿಗೇ ಹೊತ್ತುಕೊಂಡು ಹೋದೆ. ಜೊತೆಗೆ ಅವ್ವ ಹೊರಟಳು. ಹಿಂದಿನ ನಾಲ್ಕು ಸಲ ಅವಳಿಲ್ಲದೆ ಹೋಗಿದ್ದರಿಂದಲೇ ಕೆಲಸ ಕೆಟ್ಟಿತೆಂಬುದು ಅವಳ ಸಿದ್ಧಾಂತ. ಹಂಡೆಯ ಕೊರಳಿನ ಬಾಡಿದ ಬಳ್ಳಿಯನ್ನು ಬಿಚ್ಚಲು ಬಿಡಲಿಲ್ಲ.

ಕಂಡಕ್ಟರ್ ಬಾಗಿಲಲ್ಲಿ ಅಡ್ಡ ನಿಂತ. "ಒಳಗೆ ಯಾರೂ ಕುಂತಿಲ್ಲ ತಾನೆ ಯಜಮಾನ್ರೇ?"

"ಇಲ್ಲ."

"ಅಂಗಾರೆ ಅಜ್ಜಿಗೆ ಫ್ರೀ, ಅಂಡೆಗೆ ಲಗೇಜು, ನಿಮ್ಗೆ ಫುಲ್ಲು."

"ಅಂಡೇನೂ ಎಂಗ್ಸೇ ಕಣಪ್ಪ, ಬುಟ್ಬುಡು" ಅಂದಳು ಅವ್ವ. "ಕತ್ನಲ್ಲಿ ಬಳ್ಳಿ ಅದೆ ನೋಡು."

ಬಸ್ಸೆಲ್ಲ ನಕ್ಕಿತು. ಲಗೇಜು ಹಾಕದೆ ಬಿಡಲಿಲ್ಲ. ದಾರಿಯುದ್ದಕ್ಕೂ ಹತ್ತಿದವರು, ಇಳಿದವರು ಒಂದೊಂದು ಸಲಹೆ ಕೊಟ್ಟರು. ಸುಣ್ಣ ಬೆಲ್ಲ ಕಲಸಿ ಮೆತ್ತಿ ಎಂದರೊಬ್ಬರು. ಕವಲಂದೆಯ ನೆಂಟರ ಮನೆಯಲ್ಲಿ ಹಂಡೆ ಮಾರಿ ಗ್ಯಾಸ್ ಗೀಸರ್ ತಂದರು, ಈಗ ಅದೂ ಕೆಟ್ಟಿದೆ ಎಂದು ಇನ್ನೊಬ್ಬರು. ನಾನು ಕಿಟಕಿಯ ಹೊರಗೆ ನೋಡುತ್ತಾ ಮುದುಕರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ದಿನಾಂಕಗಳ ಸಮೇತ.

ತಿ. ನರಸೀಪುರದ ಸಂತೆಮಾಳದ ಹಿಂದೆ ತಗಡಿನ ಚಪ್ಪರ ಅವರ ಅಂಗಡಿ. ಎಪ್ಪತ್ತು ದಾಟಿದವರು, ತೆಳ್ಳಗಿನ ಆಳು, ಕಿವಿ ಸ್ವಲ್ಪ ಮಂದ. ನಾನು ಡೈರಿ ತೆರೆದು ನಾಲ್ಕೂ ತೇಪೆಗಳ ದಿನ ಓದಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಹಂಡೆಯನ್ನು ಮಗ್ಗುಲಾಗಿ ಮಲಗಿಸಿ ಮರದ ಕೊಡತಿಯಿಂದ ಪಕ್ಕಕ್ಕೆ ತಟ್ಟಿದರು. ಗಂಟೆಯಂಥ ಸದ್ದು. ಕಂಠಕ್ಕೆ ತಟ್ಟಿದರು. ಗಂಟೆ. ತಳಕ್ಕೆ ತಟ್ಟಿದರು. ಒಡೆದ ಮಡಕೆಯಂಥ ಸದ್ದು ಬಂತು. ಆಮೇಲೆ ಬ್ಯಾಟರಿ ಹಿಡಿದು ಒಳಗೆ ಬಗ್ಗಿ ಬಹಳ ಹೊತ್ತು ನೋಡಿದರು.

"ಒಳಗಡೆ ಉಳಿ ಆಕ್ದೋರು ಯಾರು?"

"ಉಳಿ ಅಲ್ಲ. ಸ್ಕ್ರೂಡ್ರೈವರ್" ಅಂದೆ. "ಹಬ್ಬಕ್ಕೆ ಮುಂಚೆ ಸುಣ್ಣದ ಪದರ ಕೆರೆದು ತೆಗೀತೀನಿ. ಬೋರ್ ನೀರು ನೋಡಿ, ಬೆರಳು ಗಾತ್ರ ಕಟ್ಟಿರುತ್ತೆ."

ಅವರು ಬ್ಯಾಟರಿ ಆರಿಸಿ ಕೆಳಗಿಟ್ಟರು. "ಆ ಪದ್ರ ಇರೋ ಗಂಟ ಸೋರಿಲ್ಲ ತಾನೆ? ನನ್ನ ತೇಪೆ ಒಂದು ವರ್ಷ ಪೂರ್ತಿ ನಿಂತದೆ ತಾನೆ? ನೀವು ಕೆರೆದ ವಾರದೊಳ್ಗೆ ಸೋರ್ತದೆ. ಪುಸ್ತಕದಲ್ಲಿ ನೀವೇ ಬರ್ಕಂಡಿದ್ದೀರಿ."

ನಾನು ಡೈರಿ ನೋಡಿದೆ. ಸೋರಿದ ದಿನ ಬರೆದಿದ್ದೆ, ತೇಪೆ ಹಾಕಿಸಿದ ದಿನ ಬರೆದಿದ್ದೆ. ಕೆರೆದ ದಿನವನ್ನು ಬರೆದಿರಲಿಲ್ಲ. ಅದು ಸುದ್ದಿ ಎಂದು ನನಗೆ ಅನ್ನಿಸಿರಲಿಲ್ಲ.

ಮುದುಕರು ಬೀಡಿ ಹಚ್ಚಿದರು. "ನಿಮ್ದೊಂದೇ ಅಲ್ಲ ಸಾ. ಎರಡು ವರ್ಷದಿಂದ ಬರೋ ಅಂಡೆಗೆಲ್ಲ ಇಂಗೇ ಒಳಗಡೆ ಏಟು. ಅದ್ಯಾವನೋ ಪೇಪರ್‌ನೋನು ಬರ್ದವ್ನಂತೆ, ಪದ್ರ ಕೆರೀರಿ, ಸೌದೆ ಉಳಿಸಿ ಅಂತ. ಅವ್ನೇನಾರಾ ಸಿಕ್ರೆ ಅವ್ನ ತಲೇನ ಅಂಡೆ ಒಳಕ್ಕೆ ಆಕಿ ಮೇಲಿಂದ ತಟ್ಬೇಕು."

ಆ ಪೇಪರಿನವನು ನಾನೇ. ಎರಡು ವರ್ಷದ ಹಿಂದೆ ನಮ್ಮ ಪತ್ರಿಕೆಯ ವಾರದ ಪುಟಕ್ಕೆ ಜಾಗ ತುಂಬಲು ಒಂದು ಸಣ್ಣ ಬರಹ ಕೊಟ್ಟಿದ್ದೆ. ಸುಣ್ಣದ ಪದರ ತೆಗೆದರೆ ನೀರು ಬೇಗ ಕಾಯುತ್ತದೆ ಎಂಬುದು ಸುಳ್ಳಲ್ಲ. ಹಳೆಯ ಹಂಡೆಯಲ್ಲಿ ಸೂಜಿಮೊನೆಯಷ್ಟು ತೂತುಗಳನ್ನು ಮುಚ್ಚಿಕೊಂಡಿರುವುದೂ ಅದೇ ಪದರ, ಕಬ್ಬಿಣ ತಾಗಿಸಿದರೆ ತಾಮ್ರವೇ ಏಳುತ್ತದೆ ಎಂಬುದನ್ನು ಯಾರನ್ನೂ ಕೇಳಿರಲಿಲ್ಲ. ಕೇಳಬೇಕಾಗಿದ್ದ ಮನುಷ್ಯ ವರ್ಷಕ್ಕೊಮ್ಮೆ ನನ್ನೆದುರೇ ಕೂತಿರುತ್ತಿದ್ದರು.

ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಅವ್ವ ಬಿಡಲಿಲ್ಲ.

"ಅವ್ನ ಉಡುಕ್ಬ್ಯಾಡಿ ಯಜಮಾನ್ರೇ. ನಿಮ್ಮೆದ್ರಿಗೇ ಕುಂತವ್ನೆ."

ಮುದುಕರು ನನ್ನನ್ನು ನೋಡಿದರು. ಬೀಡಿ ಎಳೆದರು. "ಪರ್ವಾಗಿಲ್ಲ ಬುಡಿ. ನಿಮ್ಮಿಂದ ನನ್ಗೆ ಎರಡು ವರ್ಷ ಕೈತುಂಬ ಕೆಲ್ಸ."

ಕೆಲಸದ ಮಾತು ಅಲ್ಲಿಂದ ಮುಂದೆ ಶುರುವಾಯಿತು. ಮಗಳಿಗೆ ದಿನ ತುಂಬಿದೆ, ಇನ್ನೊಂದು ತೇಪೆ ಹಾಕಿ ಬೇಗ ಕೊಡಿ ಎಂದೆ. ಅವರು ಆಗದೆಂದು ತಲೆಯಾಡಿಸಿದರು.

"ತೇಪೆ ಆಕಿದ್ರೆ ನಾಳೇನೇ ಕೊಡ್ತೀನಿ. ತೇಪೆ ಇಡ್ಕಳಾಕೆ ತಳದಲ್ಲಿ ತಾಮ್ರ ಎಲ್ಲದೆ? ಕಾಗ್ದ ಆಗೋಗದೆ. ನೀವು ಬಾಣಂತಿಗೆ ನೀರು ಕಾಯಿಸ್ತಾ ಇರ್ತೀರಿ, ಒಂದಿನ ಪೂರಾ ತಳ ಒಲೆಗೆ ಬೀಳ್ತದೆ."

"ಹಾಗಾದ್ರೆ ಹೊಸ ಹಂಡೇನೇ ತಗೊಳ್ಳೋಣ್ವಾ?"

"ಪಕ್ಕದಲ್ಲಿ ತೂತಿದ್ದಿದ್ರೆ ನಾನೇ ಗುಜರಿಗೆ ಆಕಿ ಅಂತಿದ್ದೆ. ಪಕ್ಕ ಗಟ್ಟಿ ಅದೆ, ಕಂಠ ಗಟ್ಟಿ ಅದೆ. ಇಂಥ ತಗಡು ಈಗ ಬರಾಕಿಲ್ಲ. ತಳ ಕತ್ತರಿಸಿ ಒಸ ತಳ ಕೂರಿಸ್ತೀನಿ. ಉಟ್ಟೋ ಕೂಸಿನ ಮದ್ವೆಗಂಟ ನಿಲ್ತದೆ."

"ಎಷ್ಟು ದಿನ?"

"ತಗಡು ಮೈಸೂರಿಂದ ಬರ್ಬೇಕು. ಎಂಟು ದಿನ."

ಲೆಕ್ಕ ಹಾಕಿದೆ. ಡಾಕ್ಟರು ಕೊಟ್ಟ ದಿನಕ್ಕೆ ಎರಡು ದಿನ ಮುಂಚೆಯೇ ಹಂಡೆ ಮನೆಯಲ್ಲಿರುತ್ತದೆ. ತಳ ಬದಲಾಯಿಸಿ ಎಂದೆ. ಐದು ವರ್ಷ ಕೊಡಲಾರದ ತೀರ್ಮಾನ ಒಂದು ನಿಮಿಷದಲ್ಲಿ ಆಯಿತು. ಅವ್ವ ಬಳ್ಳಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆ ವಾರದಲ್ಲಿ ಪತ್ರಿಕೆಗೆ ಒಂದು ತಿದ್ದುಪಡಿ ಬರೆದು ಕಳಿಸಿದೆ. ಹಳೆಯ ತಾಮ್ರದ ಹಂಡೆಯ ತಳವನ್ನು ಕಬ್ಬಿಣದ ಸಾಮಾನಿನಿಂದ ಕೆರೆಯಬಾರದು, ಹಿಂದೆ ಈ ಪುಟದಲ್ಲಿ ಕೊಟ್ಟ ಸಲಹೆ ತಪ್ಪು, ಅನುಮಾನವಿದ್ದರೆ ಮೊದಲು ಹಂಡೆ ಕೆಲಸದವರಿಗೆ ತೋರಿಸಿ. ಡೆಸ್ಕಿನಿಂದ ಫೋನು ಬಂತು. "ಸಾರ್, ಎರಡು ವರ್ಷದ ಹಿಂದಿನದಕ್ಕೆ ಈಗ ತಿದ್ದುಪಡಿಯಾ? ಯಾರಾದ್ರೂ ನೋಟಿಸ್ ಕೊಟ್ರಾ?" ಯಾರೂ ಕೊಟ್ಟಿಲ್ಲ, ಹಾಕಿ ಎಂದೆ. ಒಳಪುಟದ ಮೂಲೆಯಲ್ಲಿ ಹಾಕಿದರು. ಓದಿದೆನೆಂದು ಹೇಳಿದವರು ಯಾರೂ ಇಲ್ಲ.

ಹಂಡೆ ಕೊಟ್ಟು ಬಂದ ಐದನೆಯ ದಿನ ಮಗಳಿಗೆ ನೋವು ಬಂತು. ಡಾಕ್ಟರ ದಿನಕ್ಕೆ ಇನ್ನೂ ಐದು ದಿನವಿತ್ತು. ನಂಜನಗೂಡಿನ ಆಸ್ಪತ್ರೆಯಲ್ಲೇ ಸಲೀಸಾಗಿ ಹೆರಿಗೆಯಾಯಿತು. ಹೆಣ್ಣುಮಗು. ಮೊಮ್ಮಗಳನ್ನು ನೋಡಿದ ಸಂತೋಷದ ನಡುವೆಯೇ ನಾನು ನರ್ಸನ್ನು ಕೇಳಿದ ಮೊದಲ ಪ್ರಶ್ನೆ, ಯಾವತ್ತು ಬಿಡ್ತೀರಿ. ಮೂರು ದಿನಕ್ಕೆ ಎಂದರು. ಐದು ಮತ್ತು ಮೂರು, ಎಂಟು.

ಏಳನೆಯ ದಿನ ಸಂಜೆ ತಿ. ನರಸೀಪುರಕ್ಕೆ ಓಡಿದೆ. ಹೊಸ ತಳ ಕೂತಿತ್ತು, ಹೊಳೆಯುತ್ತಿತ್ತು. ಎತ್ತಿಕೊಂಡು ಹೋಗಲು ಲಗೇಜ್ ಆಟೋವನ್ನೂ ಕರೆದುಕೊಂಡೇ ಹೋಗಿದ್ದೆ. ಮುದುಕರು ಹಂಡೆಯನ್ನು ಮುಟ್ಟಗೊಡಲಿಲ್ಲ.

"ಒಂದು ರಾತ್ರಿ ನೀರು ನಿಲ್ದೆ ಅಂಡೆ ಕೊಡಾಕಿಲ್ಲ."

"ಯಜಮಾನ್ರೇ, ನಾಳೆ ಬೆಳಿಗ್ಗೆ ಬಾಣಂತಿ ಆಸ್ಪತ್ರೆಯಿಂದ ಬರ್ತಾಳೆ."

"ಅದ್ಕೇ ಕೊಡಾಕಿಲ್ಲ."

ನೆಲದ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಹಂಡೆ ಕೂರಿಸಿ, ಒಂದೊಂದೇ ಕೊಡ ನೀರು ತುಂಬಿದರು. ಬೆಳಿಗ್ಗೆ ಪೇಪರು ಒಣಗಿದ್ದರೆ ಹಂಡೆ ನಮ್ಮದು. ಒದ್ದೆಯಾಗಿದ್ದರೆ ಮತ್ತೆ ಬೆಸುಗೆ. ಅವರ ಅಪ್ಪನ ಕಾಲದಿಂದ ಹೀಗೇ ಅಂತೆ.

"ಇದ್ಕೆ ಪೇಪರ್ರೇ ಸರಿ ಸಾ" ಅಂದರು, ನನ್ನ ಮುಖ ನೋಡದೆ. "ಇಲ್ಲಿ ಸುಳ್ಳೇಳಾಕಿಲ್ಲ."

ಆಟೋದವನನ್ನು ಬರಿಗೈಲಿ ಕಳಿಸಿ, ಬೆಳಿಗ್ಗೆ ಮತ್ತೆ ಬರುವಂತೆ ಹೇಳಿದೆ. ಎಂಟನೆಯ ದಿನ ಬೆಳಿಗ್ಗೆ ಏಳಕ್ಕೆ ನಾವು ಚಪ್ಪರದ ಮುಂದೆ ನಿಂತಿದ್ದೆವು. ಮುದುಕರು ನೀರು ಚೆಲ್ಲಿ, ಹಂಡೆ ಎತ್ತಿ, ಪೇಪರಿನ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಒಣಗಿದ್ದವು. ಆಗ ಹಂಡೆ ಕೊಟ್ಟರು. "ಒಳಕ್ಕೆ ಕೈ ಆಕ್ಬ್ಯಾಡಿ" ಎಂದಷ್ಟೇ ಹೇಳಿದರು.

ಅರ್ಧ ದಾರಿಯಲ್ಲಿ ಹೆಂಡತಿಯ ಫೋನು. "ಬಿಲ್ ಎಲ್ಲಾ ಮುಗೀತು. ಬೀಗಿತ್ತಿ ಕಾರು ತಂದು ಗೇಟಲ್ಲಿ ನಿಲ್ಸಿದಾರೆ. ಏನು ಹೇಳ್ಲಿ?"

"ಹಂಡೆ ಆಟೋದಲ್ಲಿದೆ ಅನ್ನು."

ಅವಳು ಹೇಳಿದಳು. ಆ ಕಡೆಯಿಂದ ಬೀಗಿತ್ತಿಯ ದನಿ ನನಗೂ ಕೇಳಿಸಿತು. "ಸಂತೋಷ. ಒಲೆ ಕಟ್ಟಿದೀರಾ?"

ಹಂಡೆ ತೆಗೆಯಲು ಒಲೆ ಒಡೆದದ್ದು ನಾನೇ. ಎಂಟು ದಿನ ತಗಡು, ಬೆಸುಗೆ, ತಿದ್ದುಪಡಿ ಎಂದು ಓಡಾಡಿದೆ. ಮತ್ತೆ ಕಟ್ಟಬೇಕೆಂಬುದು ನನ್ನ ತಲೆಗೇ ಬಂದಿರಲಿಲ್ಲ. ಇವತ್ತು ಕಟ್ಟಿದರೂ ಹಸಿ ಒಲೆಗೆ ಮೂರು ದಿನ ಬೆಂಕಿ ಹಾಕುವಂತಿಲ್ಲ. ಆಟೋದ ಹಿಂದುಗಡೆ ಹಂಡೆಯನ್ನು ಅಪ್ಪಿಕೊಂಡು ಕೂತಿದ್ದವನಿಗೆ ಅದನ್ನು ರಸ್ತೆಗೆ ಉರುಳಿಸಿಬಿಡೋಣ ಅನ್ನಿಸಿತು.

"ಮನೆಗೆ ಬಂದು ನೋಡಿ ಅನ್ನು" ಎಂದೆ.

ನಾನು ಮನೆ ಮುಟ್ಟುವಾಗ ಕಾರು ಬಾಗಿಲಲ್ಲಿತ್ತು. ಮಗಳು ಕೂಸನ್ನೆತ್ತಿಕೊಂಡು ಜಗಲಿಯ ಮೇಲೆ ಕೂತಿದ್ದಳು, ಒಳಗೂ ಹೋಗದೆ, ಕಾರಿಗೂ ಹತ್ತದೆ. ಬೀಗಿತ್ತಿ ಪಕ್ಕದಲ್ಲಿ ನಿಂತಿದ್ದರು. ಅವ್ವ ಕಾಣಲಿಲ್ಲ.

"ಇಲ್ಲಿ ತತ್ತಾ!" ಹಿತ್ತಲಿನಿಂದ ಕೂಗಿದಳು.

ಒಡೆದ ಒಲೆಯ ಮೂರು ಗುಂಡುಕಲ್ಲನ್ನು ಅವಳು ಹಿತ್ತಲಿನ ನುಗ್ಗೆಮರದ ಕೆಳಗೆ ಮೂರು ಮೂಲೆಗೆ ಹೂಡಿದ್ದಳು. ಪಕ್ಕದಲ್ಲಿ ಗರಿಯ ಹೊರೆ, ತುಂಬಿದ ಕೊಡಗಳ ಸಾಲು. ಒಲೆಯ ನೆನಪು ಅವಳಿಗೆ ನಿನ್ನೆಯೇ ಬಂದಿತ್ತಂತೆ. ನನಗೆ ಹೇಳಿದರೆ ಮತ್ತೇನಾದರೂ ಬರೆಯುತ್ತಾನೆಂದು ಹೇಳಲಿಲ್ಲವಂತೆ.

ಆಟೋದವನೂ ನಾನೂ ಹಂಡೆ ಹೊತ್ತು ಕಲ್ಲಿನ ಮೇಲೆ ಕೂರಿಸಿದೆವು. ಅವ್ವ ಗರಿಗೆ ಬೆಂಕಿ ಇಟ್ಟಳು. ಬೀಗಿತ್ತಿ ಹಿತ್ತಲಿನ ಮೆಟ್ಟಿಲ ಮೇಲೆ ಕೂತರು. "ನೀರು ಕಾಯ್ಲಿ. ನೋಡ್ಕೊಂಡೇ ಹೋಗ್ತೀನಿ."

"ನೋಡ್ಕಂಡು ಕುಂತ್ರೆ ಕಾಯಾಕಿಲ್ಲ ಕಣವ್ವ" ಅಂದಳು ಅವ್ವ. "ಆ ಮಟ್ಟೆ ಇತ್ತ ತಳ್ಳಿ."

ಬೀಗಿತ್ತಿ ಮಟ್ಟೆ ತಳ್ಳಿದರು. ಆಮೇಲೆ ಒಂದು ಗರಿ. ಸ್ವಲ್ಪ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆಯೇ ಕೂತು ಊದತೊಡಗಿದರು. ತಮ್ಮ ಬಾಣಂತನದಲ್ಲಿ ಅವರಮ್ಮನೂ ಹೀಗೇ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದರೆಂದು ಅವ್ವನಿಗೆ ಹೇಳಿದರು. ನಾನು ಬಗ್ಗಿ ಬಗ್ಗಿ ಹಂಡೆಯ ತಳವನ್ನೇ ನೋಡುತ್ತಿದ್ದೆ. ಹೊಸ ತಾಮ್ರ ಕಪ್ಪಾಗುತ್ತಾ ಬಂತು. ಚುಯ್ಯೆನ್ನಲಿಲ್ಲ.

ಕೊನೆಗೆ ಬೀಗಿತ್ತಿ ನೀರಿಗೆ ಬೆರಳದ್ದಿ ಚಕ್ಕನೆ ತೆಗೆದರು. "ಕಾದಿದೆ" ಎಂದರು. ಕೈ ಒರೆಸಿಕೊಂಡು ಜಗಲಿಗೆ ಹೋಗಿ ಡ್ರೈವರಿಗೆ ಕಾರು ನೆರಳಿಗೆ ಹಾಕಲು ಹೇಳಿದರು. ಮಗಳು ಎದ್ದು ಒಳಗೆ ಬಂದಳು.

ಕೊಡ ಹೊತ್ತು ಬಚ್ಚಲಿಗೆ ತಲುಪಿಸುವುದು ನನ್ನ ಕೆಲಸ. ಬಾಗಿಲಿನಿಂದಾಚೆಗೆ ಪ್ರವೇಶವಿಲ್ಲ. ಒಳಗೆ ನೀರು ಧಬಧಬ ಬೀಳುತ್ತಿತ್ತು. "ಅಜ್ಜೀ, ಸುಡುತ್ತೆ!" ಎಂದು ಮಗಳು ಕೂಗಿದಳು. "ಸುಡ್ಲಿ ಸುಮ್ನಿರು" ಎಂದು ಅವ್ವ. ಎಂಟನೆಯ ಕೊಡ ಇಳಿಸುವಾಗ ಹೆಂಡತಿ ನನ್ನ ಕಿವಿಯ ಬಳಿ ಹೇಳಿದಳು. "ಈ ಮೂರು ತಿಂಗಳು ಕಳೀಲಿ. ಆಮೇಲೆ ಸೋಲಾರ್. ಅತ್ತೆಗೆ ಈಗ್ಲೇ ಹೇಳ್ಬೇಡಿ."

ಆಯಿತೆಂದೆ. ಹಿತ್ತಲಿಗೆ ಬಂದು ಕೋಲಿನಿಂದ ಬೂದಿ ಕೆದಕಿ ನೋಡಿದೆ. ಒಣಗಿಯೇ ಇತ್ತು.